ಅಮ್ಮನ ಕುತ್ತಿಗೆಯ ಬಿಳಿ ಗಂಟುಗಳು

ಕುಮಟಾದ ದಂತವೈದ್ಯರು ಅಮ್ಮನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ನೋಯುತ್ತಿದ್ದ ಹಲ್ಲನ್ನು ಬಿಟ್ಟು ದವಡೆಯ ಕೆಳಗಿನ ಬಿಳಿ ಗಂಟುಗಳನ್ನೇ ನೋಡುತ್ತ ಕೇಳಿದರು: "ಚಿಕ್ಕವರಿದ್ದಾಗ ಕುತ್ತಿಗೆಯಲ್ಲಿ ಗಡ್ಡೆ ಎದ್ದಿತ್ತಾ?"

ಅಮ್ಮ ಹೌದೆಂದಳು. ಅಜ್ಜಿ ಸೊಪ್ಪು ಅರೆದು ಕಟ್ಟಿ ಇಳಿಸಿದ್ದಳಂತೆ.

"ಗಡ್ಡೆಯ ಕ್ಷಯ ಇರಬೇಕು. ಎಂದೋ ವಾಸಿಯಾಗಿ ಸುಣ್ಣಗಟ್ಟಿದೆ. ಈಗ ಹೆದರಬೇಕಾದ್ದಿಲ್ಲ."

ಒರಗಿದ್ದ ಅಮ್ಮ ಥಟ್ಟನೆ ಎದ್ದು ಕೂತಳು. "ಹಂಗಾರೆ ನನ್ನ ಕೂಸಿಗೆ ನಾನೇ ಕೊಟ್ಟದ್ದಾ, ಡಾಕ್ಟ್ರೇ?"

ವೈದ್ಯರಿಗೆ ಅರ್ಥವಾಗಲಿಲ್ಲ, ನನಗಾಯಿತು. ನಾನು ಹುಟ್ಟುವ ಮೊದಲು ನನಗೊಬ್ಬ ಅಕ್ಕನಿದ್ದಳು. ನಡೆಯಲು ಕಲಿಯುವ ಮೊದಲೇ ಕ್ಷಯದಿಂದ ಕೆಮ್ಮಿ ಕೆಮ್ಮಿ ತೀರಿಕೊಂಡಳು. ಅಪ್ಪನ ದೋಣಿಯಲ್ಲಿ ದುಡಿಯುತ್ತಿದ್ದ ಯಾರಿಂದಲೋ ರೋಗ ಮನೆಗೆ ಬಂತೆಂದು ಎಲ್ಲರೂ ನಂಬಿದ್ದರು.

ಗಡ್ಡೆಯ ಕ್ಷಯ ಹಾಗೆ ಇನ್ನೊಬ್ಬರಿಗೆ ಅಂಟುವುದಿಲ್ಲವೆಂದು ವೈದ್ಯರು ಬಿಡಿಸಿ ಬಿಡಿಸಿ ಹೇಳಿದರು. ಅಮ್ಮ "ಆತು" ಎಂದಳು, ಹಲ್ಲು ಕೀಳಿಸಿಕೊಳ್ಳದೆ ಹೊರಟಳು. ನಮ್ಮೂರು ಹಳದೀಪುರದವರೆಗೂ ಬಸ್ಸಿನಲ್ಲಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದೇ ಕೂತಿದ್ದಳು. ಹಲ್ಲುನೋವಿಗೆಂದುಕೊಂಡೆ. ಮನೆಯಲ್ಲಿ ನನ್ನ ಪುಟ್ಟ ಮಗಳು ಎತ್ತಿಕೋ ಎಂದು ಓಡಿಬಂದಾಗ, "ದೂರ ನಿಲ್ಲು ಮಗಾ" ಎಂದು ಹಿಂದೆ ಸರಿದಳು. ಆಗ ತಿಳಿಯಿತು.

ಅಂದಿನಿಂದ ಅಮ್ಮನ ತಟ್ಟೆ, ಲೋಟ, ಚಾಪೆ ಎಲ್ಲ ಬೇರೆಯಾದವು. ಕಫ ಪರೀಕ್ಷೆ ಮಾಡಿಸಿ ಏನೂ ಇಲ್ಲವೆಂದು ತೋರಿಸಿದರೂ ನಂಬಲಿಲ್ಲ. ಕಳೆದ ಮಳೆಗಾಲದಲ್ಲಿ ಅವಳ ಜೀವ ಹೋಗುವ ಹೊತ್ತಿಗೆ ಮೊಮ್ಮಗಳು ಬಾಯಿಗೆ ನೀರು ಹನಿಸಲು ಬಗ್ಗಿದಳು. ಅಮ್ಮ ಉಸಿರು ಬಿಗಿಹಿಡಿದು ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡಳು.