ಒಂದು ಹೆಂಚೂ ಸಿಗದ ಜಾಗ

ಬಾಳೂರು ಕಡೆಯ ನಮ್ಮ ತೋಟದ ಮೇಲ್ತಲೆಯಲ್ಲಿ ಒಂದು ಹಳೇ ಮನೆಯ ಅಡಿಪಾಯವಿದೆ. ನನ್ನ ಅಜ್ಜ ಬಾಳಿದ ಮನೆ ಅದು. ಹೋದ ವರ್ಷ ಕಾಲೇಜೊಂದರ ಇತಿಹಾಸದ ಮೇಷ್ಟ್ರು ಇಬ್ಬರು ವಿದ್ಯಾರ್ಥಿನಿಯರ ಜೊತೆ ಬಂದು, ಹಳೇ ಮನೆಗಳ ಬಗ್ಗೆ ಪುಸ್ತಕ ಮಾಡುತ್ತಿದ್ದೇವೆ, ಆ ಜಾಗ ನೋಡಬಹುದೇ ಎಂದು ಕೇಳಿದರು. ನಾನು ಹಿಗ್ಗಿಹೋದೆ. ಆಳು ಬಿಟ್ಟು ಲಂಟಾನ ಕಡಿಸಿದೆ, ಜೀಪು ಕೊಟ್ಟೆ, ಮೂರು ದಿನ ಮನೆಯಲ್ಲೇ ಊಟ ಹಾಕಿದೆ.

ಅವರು ಕೆರೆದರು, ಅಳೆದರು, ಫೋಟೊ ತೆಗೆದರು. ಸಿಕ್ಕಿದ್ದು ಒಂದಷ್ಟು ಮಡಕೆ ಚೂರು, ಮತ್ತು ಒಂದು ಹೊಸ್ತಿಲ ಕಲ್ಲು. ಕದಗಳ ಮೊನೆ ಕೂತು ತಿರುಗಲೆಂದು ಕಲ್ಲಿನ ಎರಡು ತುದಿಗೂ ಗುಳಿ ಕೊರೆದಿದ್ದರು. ಅಷ್ಟೇ.

ಕೊನೆಯ ದಿನ ನಮ್ಮ ಸೋದರತ್ತೆ ತಾನೂ ಬರುತ್ತೇನೆಂದು ಹಟ ಹಿಡಿದು ಜೀಪು ಹತ್ತಿದರು. ಎಂಬತ್ತು ದಾಟಿದ ಜೀವ, ಆ ಮನೆಯಲ್ಲೇ ಹುಟ್ಟಿದವರು. ಅವರೆದುರೇ ಮೇಷ್ಟ್ರು ತಾವು ಬರೆದುಕೊಂಡಿದ್ದನ್ನು ಓದಿದರು: "ಒಂದೇ ಒಂದು ಹೆಂಚಿನ ಚೂರೂ ಸಿಕ್ಕಿಲ್ಲ, ಮೊಳೆಯೂ ಇಲ್ಲ. ಕಡುಬಡವರ ಹುಲ್ಲಿನ ಮನೆ. ಉಳಿಸಿಕೊಳ್ಳಲಾಗದೆ ಬಿಟ್ಟುಹೋಗಿ ಹಾಳುಬಿದ್ದದ್ದು."

ನನಗೆ ಮೈಯೆಲ್ಲ ಉರಿಯಿತು. ನಮ್ಮನೆ ಅನ್ನ ಉಂಡು ನಮ್ಮಜ್ಜನಿಗೇ ಕೈಲಾಗದವನು ಅನ್ನುತ್ತಾನಲ್ಲ! ಇದು ಅಚ್ಚಾದರೆ ತಾಲ್ಲೂಕೇ ಓದುತ್ತದೆ. ಆದರೆ ಎದುರಾಡಲು ನನ್ನ ಹತ್ತಿರ ಏನಿತ್ತು? ಆ ಮನೆ ಹೇಗೆ ಹೋಯಿತೆಂದು ನಾನು ಯಾವತ್ತೂ ಕೇಳಿದವನಲ್ಲ. ಬಂದ ನೆಂಟರಿಗೆಲ್ಲ ಅದನ್ನು 'ಹಾಳು ಮನೆ' ಎಂದು ತೋರಿಸಿದವನೂ ನಾನೇ.

ಅತ್ತೆ ಮಾತ್ರ ನಕ್ಕರು. "ಹೆಂಚು ಎಲ್ಲಿಂದ ಸಿಗ್ಬೇಕು ಮೇಷ್ಟ್ರೇ? ನಾವು ಒಂದನ್ನೂ ಬಿಡ್ಲಿಲ್ವಲ್ಲ."

ಕೆಳಗೆ ಜೀಪಿನ ರಸ್ತೆ ಬಂದ ಬೇಸಿಗೆಯಲ್ಲಿ, ಅದರ ಪಕ್ಕ ಮತ್ತೆ ಕಟ್ಟಲೆಂದು ಅಜ್ಜ ಮನೆಯನ್ನೇ ಬಿಚ್ಚಿದರಂತೆ. ತೊಲೆ, ಪಕಾಸು, ಬಾಗಿಲು, ಹೆಂಚು ಎಲ್ಲವೂ ಗುಡ್ಡ ಇಳಿದವು. ಬಾಗಿದ ಮೊಳೆಗಳನ್ನು ಅತ್ತೆ ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿದ್ದರಂತೆ. ಒಡೆದ ಹೆಂಚನ್ನೂ ಬಿಡದೆ ಹೊಸ ಅಂಗಳದ ಚರಂಡಿಗೆ ಹಾಸಿದರಂತೆ. ಹೊರಲಾಗದ ಕಲ್ಲು ಮತ್ತು ಮಣ್ಣಿನ ಗೋಡೆ ಮಾತ್ರ ಉಳಿದವು. ಗೋಡೆಯನ್ನು ಮಳೆ ಕರಗಿಸಿತು.

"ಹಾಗಾದ್ರೆ ಆ ಬಾಗಿಲು ಈಗ ಎಲ್ಲಿದೆ?" ಮೇಷ್ಟ್ರು ಕೇಳಿದರು.

"ಮೂರು ದಿನದಿಂದ ಅದನ್ನ ದಾಟ್ಕೊಂಡೇ ಬಂದು ಊಟ ಮಾಡಿದೀರಿ."

ನಾನು ಮೇಷ್ಟ್ರ ಕೈಯಿಂದ ಟೇಪು ಕಸಿದುಕೊಂಡು ಕಲ್ಲಿನ ಗುಳಿಯಿಂದ ಗುಳಿಗೆ ಅಳೆದೆ. ಮನೆಗೆ ಬಂದವನೇ ತಲೆಬಾಗಿಲ ಕದಗಳ ಮೊನೆಯಿಂದ ಮೊನೆಗೆ ಅಳೆದೆ. ಕೂದಲೆಳೆಯಷ್ಟೂ ಫರಕಿರಲಿಲ್ಲ. ಹೆಮ್ಮೆಯಿಂದ ಕದಗಳನ್ನು ಮೆಲ್ಲಗೆ ಮುಚ್ಚಿದೆ. ಹುಟ್ಟಿದಾಗಿನಿಂದ ದಾಡ್ ಎಂದು ಬಡಿದು ಹಾಕುತ್ತಿದ್ದ ಬಾಗಿಲದು.

ಮೇಷ್ಟ್ರು ಒಳ್ಳೆಯವರು, ತಪ್ಪನ್ನು ಒಪ್ಪಿಕೊಂಡರು. ಜಗಲಿಯಲ್ಲೇ ಕೂತು, ಹಳೆಯದಕ್ಕೆ ಗೀಟು ಹೊಡೆದು, ಹೊಸದಾಗಿ ಬರೆದು ಓದಿದರು: "ಈ ಮನೆ ಹಾಳುಬಿದ್ದದ್ದಲ್ಲ. ಇದರ ಯಜಮಾನರು ಇದನ್ನು ಜೋಪಾನವಾಗಿ ಬಿಚ್ಚಿ, ಹೊತ್ತು ಕೆಳಗೆ ಸಾಗಿಸಿದರು."

ನಾನು ಸಂತೋಷದಿಂದ ತಲೆಯಾಡಿಸಿದೆ. ಅತ್ತೆ ಆಡಿಸಲಿಲ್ಲ.

"ಅಪ್ಪಯ್ಯ ಬಿಚ್ಚಿದ್ರು, ಹೌದು," ಎಂದರು. "ಅಷ್ಟೂ ಹೆಂಚು ತಲೆ ಮೇಲೆ ಹೊತ್ತಿದ್ದು ಅಮ್ಮ, ಚಿಕ್ಕಮ್ಮ, ನಾನು. ಅದನ್ನೂ ಬರ್ಕೊಳ್ಳಿ ಮೇಷ್ಟ್ರೇ, ನಾನು ಕಾಯ್ತೀನಿ."