ಎಲೆಯ ಬೆನ್ನಿನ ಕಂದು ಚುಕ್ಕೆ

ನನ್ನ ಓರಗಿತ್ತಿಯ ಜರೀಗಿಡದ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಸಣ್ಣದಲ್ಲ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವಳು ನಾನು. ಗಿಡ ಚಿಗುರುತ್ತಿದ್ದದ್ದು ಮಾತ್ರ ಹತ್ತನೇ ಕ್ಲಾಸಿಗೇ ಪುಸ್ತಕ ಮಡಚಿಟ್ಟ ಅವಳ ಕೈಯಲ್ಲಿ.

ಕೈಲಾಂಚದ ಹತ್ತಿರ ನಮ್ಮ ಮನೆ. ಹಿತ್ತಿಲಲ್ಲಿ ರೇಷ್ಮೆ ಹುಳು ಸಾಕುವ ಉದ್ದನೆಯ ಮನೆ. ಅದರ ಉಸ್ತುವಾರಿ ನನ್ನದು. ಮೈದುನನ ಮದುವೆಯಾಗಿ ಅವಳು ಬಂದ ವರ್ಷ, ಕನಕಪುರದ ಕಡೆಯ ತನ್ನ ತೌರಿನ ಬಾವಿಯ ಕಲ್ಲುಸಂದಿಯಿಂದ ಒಂದು ಜರೀಗಿಡ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ತಂದಳು. ಹುಳದ ಮನೆಯ ಪಕ್ಕ, ಬಚ್ಚಲ ನೀರು ಹೋಗುವ ನೆರಳಲ್ಲಿ, ಬಾಯೊಡೆದ ಮಡಕೆಯಲ್ಲಿ ನೆಟ್ಟಳು. ಕೆಲವೇ ತಿಂಗಳಿಗೆ ಅದು ಮಡಕೆ ತುಂಬಿತು. ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ, ಬರೀ ಎಲೆ. ಆದರೂ ಮನೆಗೆ ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಿದ್ದರು. ಚಕ್ಕುಲಿಯ ಹಾಗೆ ಸುರುಳಿ ಸುತ್ತಿಕೊಂಡ ಎಳೆ ಎಲೆ ದಿನಕ್ಕಿಷ್ಟಿಷ್ಟೇ ಬಿಚ್ಚಿಕೊಳ್ಳುವುದನ್ನು ಅತ್ತೆ ಕೂತು ನೋಡುತ್ತಿದ್ದರು. ನನ್ನ ದಾಸವಾಳವನ್ನು ಕೇಳುವವರಿಲ್ಲ.

ನಾನೂ ಒಂದು ತುಂಡು ಕೇಳಿ ಪಡೆದೆ. ಜರೀಗಿಡದ ಕಾಂಡ ಮಣ್ಣಿನ ಮೇಲ್ಪದರದಲ್ಲೇ ಅಡ್ಡಕ್ಕೆ ಹರಿಯುತ್ತದೆಂದು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದವಳು, ಗೊಬ್ಬರ ತುಂಬಿ ಆಳವಾಗಿ ಹೂತೆ. ಕೊಳೆತುಹೋಯಿತು. "ಇನ್ನೊಂದು ಕೊಡ್ತೀನಿ ಬುಡಿ ಅಕ್ಕ," ಎಂದಳು. ನನಗೆ ಮೈಯೆಲ್ಲ ಉರಿಯಿತು.

ಹುಳುಗಳು ಕೊನೆಯ ಸಲ ಪೊರೆ ಬಿಟ್ಟು ಎದ್ದು ಗಬಗಬ ಸೊಪ್ಪು ತಿನ್ನುತ್ತಿದ್ದ ದಿನಗಳು. ಆಗ ರೋಗ ತಗುಲಿದರೆ ಬೆಳೆಯೇ ಹೋದಂತೆ. ಒಂದು ಬೆಳಿಗ್ಗೆ ಅತ್ತೆ ಜರೀಗಿಡದ ಎಲೆ ಮಗುಚಿ ನೋಡಿದರು. ಬೆನ್ನ ತುಂಬ ಸಾಲುಸಾಲು ಕಂದು ಚುಕ್ಕೆ.

"ಇದೇನವ್ವ, ಯಾವ್ದೋ ಹುಳ ಮೊಟ್ಟೆ ಇಕ್ಕೈತಲ್ಲ. ಹುಳದ ಮನೆ ಮಗ್ಗುಲಲ್ಲೇ ಐತೆ."

ಓರಗಿತ್ತಿ ನನ್ನ ಕಡೆ ತಿರುಗಿದಳು. "ಅಕ್ಕ, ನೀವು ಓದಿರೋರು. ಒಸಿ ನೋಡಿ, ಇದು ರೋಗವಾ?"

ನನಗೆ ಗೊತ್ತಿತ್ತು. ಅವು ಬೀಜಕಗಳ ಗುಂಪು. ಬೀಜವಿಲ್ಲದ ಈ ಗಿಡ ಮರಿ ಮಾಡುವುದೇ ಆ ಚುಕ್ಕೆಯೊಳಗಿನ ಪುಡಿಯಿಂದ. ಗಿಡ ಚೆನ್ನಾಗಿ ಬಲಿತಿದೆ ಎನ್ನುವುದಕ್ಕೇ ಅದು ಗುರುತು. ಎಲೆಯನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ಪರೀಕ್ಷಿಸಿದಂತೆ ಮಾಡಿ, "ಹೇಳಕ್ಕಾಗಲ್ಲ ಕಣವ್ವ. ಯಾವ್ದಕ್ಕೂ ಕಿತ್ತಾಕ್ಬುಡು," ಎಂದೆ.

ಅವಳು ಬೇರಿನ ಚೂರೂ ಉಳಿಯದಂತೆ ಕೆದಕಿ ತೆಗೆದು, ದೂರದ ಬೇಲಿಯ ಹತ್ತಿರ ಒಯ್ದು ಸುಟ್ಟಳು. ಬ್ಲೀಚಿಂಗ್ ಪೌಡರ್ ನೀರಲ್ಲಿ ಮೊಣಕೈವರೆಗೂ ತೊಳೆದುಕೊಂಡು, ತಲೆಗೆ ಸ್ನಾನ ಮಾಡಿ ಬಂದು, ಹುಳದ ಮನೆಯ ಬಾಗಿಲಲ್ಲೇ ನಿಂತಳು.

"ಒಳೀಕೆ ಬರಲ್ಲ ಅಕ್ಕ. ಅದ್ನ ಮುಟ್ಟಿವ್ನಿ. ನಿಮ್ಮ ಹುಳಕ್ಕೆ ಏನಾರ ಆದ್ರೆ ನಂಗೆ ತಡ್ಕೊಳಕ್ಕಾಗಲ್ಲ."

ಗೂಡು ಬಿಡಿಸುವವರೆಗೂ ಅವಳು ಹೊಸಿಲು ದಾಟಲಿಲ್ಲ. ದಿನಾ ಸೊಪ್ಪಿನ ಹೊರೆ ಹೊತ್ತು ತಂದು ಹೊರಗಿನಿಂದಲೇ ಒಳಕ್ಕೆ ಸರಿಸುತ್ತಿದ್ದಳು. ಇಷ್ಟು ಒಳ್ಳೆಯವಳಾಗಿದ್ದಾಳಲ್ಲ ಎಂದು ಅದಕ್ಕೂ ಹೊಟ್ಟೆ ಉರಿದುಕೊಂಡೇ ನಾನು ಹೊರೆ ಎಳೆದುಕೊಳ್ಳುತ್ತಿದ್ದೆ. ಆ ಸಲ ಬೆಳೆ ಚೆನ್ನಾಗಿ ಬಂತು. ಅಕ್ಕ ಸಕಾಲಕ್ಕೆ ಗುರುತು ಹಿಡಿದರು ಎಂದು ಅವಳು ಊರಿಗೆಲ್ಲ ಹೇಳಿಕೊಂಡು ಬಂದಳು. ಈಗಲೂ ಹೇಳುತ್ತಾಳೆ. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತೇನೆ.