ಸದಾಶಿವ ಸರ್ ಅವರ ಮಂತ್ರಿಮಂಡಲ

ಒಂಟಿ ಮನುಷ್ಯನ ಮನೆಯಲ್ಲಿ ಊಟದ ಮೇಜಿಗೆ ನಾಲ್ಕು ಕುರ್ಚಿ, ನಾಲ್ಕೂ ಬೇರೆ ಬೇರೆ ಥರದವು. ಸ್ವೀಡನ್ನಿನ ಉಮೆಯೊ ಊರಿನ ಹಳೇ ಸಾಮಾನಿನ ಅಂಗಡಿಯಿಂದ ಸದಾಶಿವ ಸರ್ ಒಂದೊಂದಾಗಿ ಹೊತ್ತು ತಂದಿದ್ದರು. ಮೊದಲ ಸಲ ಹೋದಾಗ ನಾನು ಕೂರಲು ಹೊರಟರೆ ತಡೆದರು. “ಅದು ಬೇಡಮ್ಮ, ಅದು ರೈತರ ಪಕ್ಷದ್ದು. ಅವರಿನ್ನೂ ಬಂದಿಲ್ಲ.”

ಮೈಸೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುತ್ತಿದ್ದ ಅವರು ನಲವತ್ತು ದಾಟಿದ ಮೇಲೆ ಪಿಎಚ್.ಡಿ.ಗೆಂದು ಇಲ್ಲಿಗೆ ಬಂದಿದ್ದರು. ನಾನು ಅದೇ ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನದ ಸಂಶೋಧಕಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ವೀಡನ್ನಿನ ನಾಲ್ಕು ಪಕ್ಷಗಳು ಜಗಳ ಬದಿಗಿಟ್ಟು ನಡೆಸಿದ ಸಮ್ಮಿಶ್ರ ಸರ್ಕಾರವೇ ಅವರ ವಿಷಯ. ಅದರ ಮಂತ್ರಿಗಳು ಅವರಿಗೆ ಮನೆಮಂದಿಯಾಗಿಬಿಟ್ಟಿದ್ದರು. ಫಿಕಾಕ್ಕೆ, ಅಂದರೆ ಇಲ್ಲಿನವರ ಕಾಫಿ ಬಿಡುವಿಗೆ, ಕೂತರೆ ಅರ್ಧ ಲೋಟ ಕಾಫಿ ಮಾತ್ರ. “ಸಾಕು, ನಮ್ಮ ರೇಷನ್ ಮಂತ್ರಿಗಳು ಬೈತಾರೆ.”

ಜರ್ಮನ್ ಸೈನಿಕರ ರೈಲನ್ನು ದೇಶದೊಳಗೆ ಬಿಡಬೇಕೇ ಎಂದು ಸಂಪುಟ ಕಿತ್ತಾಡಿದ ಅಧ್ಯಾಯ ಬರೆಯುತ್ತಿದ್ದಾಗಂತೂ ಅವರ ಮುಖವೇ ಬಾಡಿಹೋಗಿತ್ತು. “ಒಬ್ಬರನ್ನ ಕಂಡ್ರೆ ಒಬ್ಬರಿಗೆ ಆಗಲ್ಲ ಕಣಮ್ಮ. ಆದ್ರೂ ಬೆಳಗಾದ್ರೆ ಬಂದು ಒಟ್ಟಿಗೆ ಕೂತ್ಕೋತಿದ್ರು, ನೋಡು” ಎಂದರು. ತೀರಿಹೋದ ಮಂತ್ರಿಗಳನ್ನು ಬಿಟ್ಟರೆ ಅವರ ಜೊತೆ ಕೂರುವವರು ಯಾರೂ ಇರಲಿಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಇಲ್ಲಿ ಪಿಎಚ್.ಡಿ.ಯ ಕೊನೆಯ ಪರೀಕ್ಷೆ ಎಲ್ಲರೆದುರು ನಡೆಯುತ್ತದೆ. ಮನೆಯವರು, ಸ್ನೇಹಿತರು ಬಂದು ಹಿಂದೆ ಕೂರುತ್ತಾರೆ. ಸರ್ ಈ ಊರಿನ ಕನ್ನಡದ ಮನೆಗಳಿಗೆಲ್ಲ ಹೋಗಿ ಕರೆದರು. “ಅರ್ಥ ಆಗದಿದ್ರೂ ಪರವಾಗಿಲ್ಲ. ನಮ್ಮೋರು ಅಂತ ನಾಲ್ಕು ಜನ ಕಂಡ್ರೆ ಸಾಕು.”

ಆ ದಿನ ನಮ್ಮವರಲ್ಲಿ ಬಂದವಳು ನಾನೊಬ್ಬಳೇ. ಸರ್ ಚೆನ್ನಾಗಿಯೇ ಉತ್ತರಿಸಿದರು, ಆದರೆ ಪ್ರತಿ ಉತ್ತರ ಮುಗಿದ ಮೇಲೂ ಅವರ ಕಣ್ಣು ತೆರೆದೇ ಇದ್ದ ಹಾಲಿನ ಬಾಗಿಲ ಕಡೆ ಹೋಗುತ್ತಿತ್ತು.

ಸಂಜೆ ಗೆಳತಿ ವೀಣಾಳ ಮನೆಗೆ ಅವರನ್ನು ಕರೆದೊಯ್ದರೆ ಎಲ್ಲರೂ ಅಲ್ಲೇ ಇದ್ದರು! ಬೆಳಗಿನಿಂದ ಸೇರಿ ಹೋಳಿಗೆ, ಬಿಸಿಬೇಳೆಬಾತ್ ಮಾಡಿದ್ದರು.

“ಎಕ್ಸಾಮ್ ಅಲ್ವಾ ಸರ್? ನಾವೆಲ್ಲ ಬಂದ್ರೆ ನಿಮಗೆ ಡಿಸ್ಟರ್ಬ್ ಆಗುತ್ತೆ ಅಂತ ಇಲ್ಲೇ ದೇವರಿಗೆ ದೀಪ ಹಚ್ಚಿಟ್ಟು ಕಾಯ್ತಾ ಇದ್ವಿ” ಎಂದಳು ವೀಣಾ.

ಸರ್ ಮನಸಾರೆ ನಕ್ಕರು. ಕೇಳಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಮರುವಾರ ಮೈಸೂರಿಗೆ ಹೊರಟೇಹೋದರು, ನಾನು ಮತ್ತೆ ಅವರನ್ನು ನೋಡಲಿಲ್ಲ. ಆ ಸಂಜೆ ವೀಣಾಳ ಮನೆಯಿಂದ ಹೊರಡುವಾಗ ಬಗ್ಗಿ ಶೂ ಕಟ್ಟಿಕೊಳ್ಳುತ್ತ ನನಗೆ ಮಾತ್ರ ಕೇಳುವಂತೆ ಹೇಳಿದರು:

“ಬೆಳಗ್ಗೆ ಆ ಹಾಲಿನ ಬಾಗಿಲು ಕೊನೇವರೆಗೂ ತೆಗೆದೇ ಇಡಿ ಅಂತ ಅಲ್ಲಿನೋರಿಗೆ ನಾನೇ ಹೇಳಿದ್ದೆ ಕಣಮ್ಮ.”